ಸಾಹೇಬರ ಸಹಿ ಬಿದ್ದ ಬಿಸಿಲು

ಮೊನ್ನೆ ಒಬ್ಬ ಹೊಸ ಮಾಸ್ತರ ಮನೆಗೆ ಬಂದಿದ್ದ. ನೌಕರಿ ಸಿಕ್ಕು ಇನ್ನೂ ವರ್ಷ ತುಂಬಿಲ್ಲ, ಮೀಸೆ ಮಾತ್ರ ಆಗಲೇ ಹೆಡ್ ಮಾಸ್ತರರದು. ಚಹಾ ಕುಡಿದು, ಬಸಿ ಕೆಳಗಿಟ್ಟು, "ಸರ್, ಎರಡನೇ ಇಯತ್ತೆಗೆ ಹವಾಮಾನದ ಪಾಠ ಅದ. ಸಣ್ಣ ಹುಡುಗರಿಗೆ ಹ್ಯಾಂಗ ಕಲಿಸಬೇಕು? ಸಾಲ್ಯಾಗ ಸಾಮಾನೇ ಇಲ್ಲ" ಎಂದ.

ಸಾಮಾನು ಇಲ್ಲವಂತೆ! ತಲೆಯ ಮೇಲೆ ಆಕಾಶ ಇದೆ. ಕಾಲ ಕೆಳಗೆ ನೆಲ ಇದೆ. ನಡುವೆ ಹುಮನಾಬಾದಿನಿಂದ ಬಸವಕಲ್ಯಾಣದ ತನಕ ಯಾರ ಅಪ್ಪಣೆಯನ್ನೂ ಕೇಳದೆ ಬೀಸುವ ಗಾಳಿ ಇದೆ. ಘನ ಸರಕಾರ ಇನ್ನೇನು ಕಳಿಸಬೇಕು? ಮೋಡವನ್ನು ಲಾರಿಯಲ್ಲಿ ಹೇರಿಕೊಂಡು ಬಂದು, ಸಾಲಿಯ ಮುಂದೆ ಇಳಿಸಿ, ರಸೀದಿಗೆ ಸಹಿ ಹಾಕಿಸಿಕೊಂಡು ಹೋಗಬೇಕೇ?

ಇದನ್ನೆಲ್ಲ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆನೆಂದು ಕಾಣುತ್ತದೆ. ಒಳಗಿನಿಂದ ನನ್ನ ಹೆಂಡತಿ, "ಆ ಹುಡುಗನ ಮ್ಯಾಲ ಯಾಕ ಒದರ್ತೀರಿ? ಅಂವ ಏನ್ ಮಾಡ್ಯಾನ ಪಾಪ?" ಎಂದಳು.

ನಿಜ. ಅವನೇನೂ ಮಾಡಿಲ್ಲ. ನನ್ನ ಸಿಟ್ಟು ಅವನು ಹುಟ್ಟುವುದಕ್ಕಿಂತ ಹಳೆಯದು. ಅವನು ಹೋದ ಮೇಲೆ ಅನ್ನಿಸಿತು: ಈ ಸಿಟ್ಟನ್ನು ಬರೆದಿಟ್ಟರೆ ಹೊಸದಾಗಿ ಈ ಕೆಲಸಕ್ಕೆ ಬರುವ ಮಾಸ್ತರರಿಗೆ, ಟೀಚರಬಾಯಿಯವರಿಗೆ ಉಪಯೋಗವಾದೀತು. ಬಡ್ತಿ ಯಾವಾಗ ಸಿಕ್ಕಿತು, ಯಾವ ದರ್ಜೆಯಲ್ಲಿ ನಿವೃತ್ತನಾದೆ ಎಂಬುದನ್ನೆಲ್ಲ ಪಿಂಚಣಿ ಆಫೀಸಿನವರು ಬರೆದಿಟ್ಟುಕೊಂಡಿದ್ದಾರೆ. ಅವರಿಗೇ ಅದರಲ್ಲಿ ಆಸಕ್ತಿ ಇಲ್ಲ, ನಿಮಗೇಕೆ?

ನಾನು ಕೆಲಸಕ್ಕೆ ಸೇರಿದ್ದು ರಾಜ್ಯ ಒಂದಾದ ವರ್ಷ, 1956ರಲ್ಲಿ. ನಾನು ಓದಿದ್ದು ಉರ್ದುವಿನಲ್ಲಿ, ಕಲಿಸಬೇಕಾಗಿ ಬಂದದ್ದು ಕನ್ನಡದಲ್ಲಿ. 'ಮೌಸಮ್' ಎಂದು ಬಾಯಿಪಾಠ ಮಾಡಿದವನು 'ಹವಾಮಾನ' ಎಂದು ಬಾಯಿಪಾಠ ಮಾಡಿಸಬೇಕು. ಮಕ್ಕಳು ಎರಡನ್ನೂ ಬಿಟ್ಟು 'ಹವಾ' ಅನ್ನುತ್ತಿದ್ದರು. ನನ್ನನ್ನು ಹಾಕಿದ್ದು ಮೋರಖಂಡಿಯ ಆಚೆಗಿನ ಒಂದು ಸಣ್ಣ ಹಳ್ಳಿಗೆ. ಅದರ ಹೆಸರು ಬರೆಯುವುದಿಲ್ಲ. ಅಲ್ಲಿಯವರಿಗೆ ಓದಿದ ಕೂಡಲೇ ತಿಳಿಯುತ್ತದೆ, ಉಳಿದವರು ತಿಳಿದುಕೊಂಡು ಮಾಡಬೇಕಾದ್ದು ಏನೂ ಇಲ್ಲ.

ಸಾಲಿ ಎಂದರೆ ಎರಡು ಕೋಣೆಯ, ಮಣ್ಣಿನ ಸಮತಟ್ಟು ಸೂರಿನ ಮಾಳಿಗೆ, ಮುಂದೆ ಒಂದು ಪಡಸಾಲೆ, ಅಂಗಳದಲ್ಲಿ ಒಂದು ಬೇವಿನ ಮರ. ಇಬ್ಬರು ಮಾಸ್ತರರು. ಒಬ್ಬ ನಾನು, ಇನ್ನೊಬ್ಬರು ಹೆಡ್ ಮಾಸ್ತರ ವೈಜನಾಥಪ್ಪನವರು. ಅವರು ಕೆಟ್ಟ ಮನುಷ್ಯರೆಂದು ನಾನು ಹೇಳುವುದಿಲ್ಲ. ಮಕ್ಕಳಿಗೆ ಹುಷಾರಿಲ್ಲದಿದ್ದರೆ ಮನೆಗೆ ಹೋಗಿ ನೋಡಿ ಬರುತ್ತಿದ್ದರು. ಆದರೆ ಅವರು ಭಯದ ಮನುಷ್ಯ. ಅವರ ಇಡೀ ಜೀವ ಒಂದೇ ಪ್ರಶ್ನೆಯಲ್ಲಿ ನಿಂತಿತ್ತು: "ಸಾಹೇಬರು ಬಂದರ ಏನ್ ಹೇಳ್ಲಿ?" ಸಾಹೇಬರೆಂದರೆ ಶಾಲಾ ಇನ್ಸ್‌ಪೆಕ್ಟರರು. ವರ್ಷಕ್ಕೊಮ್ಮೆ ಬರುವವರಿಗಾಗಿ ಈ ಪುಣ್ಯಾತ್ಮ ವರ್ಷವಿಡೀ ನಡುಗುತ್ತಿದ್ದರು. ಸಿಟ್ಟಿನ ಮೇಲಧಿಕಾರಿ ಬೈದು ಸುಮ್ಮನಾಗುತ್ತಾನೆ. ಭಯಸ್ಥ ಮೇಲಧಿಕಾರಿ ಸುಮ್ಮನಾಗುವುದೇ ಇಲ್ಲ, ನೆನಪಿಡಿ.

ಪಾಠದ ಕ್ರಮ ಹೀಗಿತ್ತು. ಗಾಳಿ ಎಂದರೇನು? ಚಲಿಸುವ ವಾಯುವೇ ಗಾಳಿ. ಮಕ್ಕಳು ಕಣ್ಣು ಮುಚ್ಚಿಕೊಂಡು, ಮುಂದಕ್ಕೂ ಹಿಂದಕ್ಕೂ ತೂಗುತ್ತ ಇದನ್ನು ಹಾಡುವರು. ಆ ಹೊತ್ತಿಗೆ ಸ್ವತಃ ಗಾಳಿ ಬಾಗಿಲು ದಬ್ಬಿಕೊಂಡು ಒಳಗೆ ಬಂದು, ನನ್ನ ಮೇಜಿನ ಮೇಲಿನ ಹಾಳೆ ಎತ್ತಿಕೊಂಡು ಹೋದರೆ, "ಬಾಗಿಲು ಹಾಕು, ಗಾಳಿಯ ಪಾಠ ನಡೆದಿದೆ" ಎಂದು ನಾನೇ ಹೇಳಿದ್ದುಂಟು.

ಹೀಗೇ ಒಂದು ದಿನ ನಾನು ಕರಿಹಲಗೆಯ ಕಡೆ ಮುಖ ಮಾಡಿ, 'ಬಾಷ್ಪೀಭವನ' ಎಂಬ ಶಬ್ದವನ್ನು ಕೆತ್ತುತ್ತಿದ್ದೆ. ನೀರು ಆವಿಯಾಗಿ ಹೋಗುವುದಕ್ಕೆ ಪುಸ್ತಕದವರು ಇಟ್ಟ ನಾಮಧೇಯ. ಎರಡನೇ ಇಯತ್ತೆಯ ಕೂಸುಗಳು ಇದನ್ನು ಕಲಿಯಬೇಕು! ಬೆನ್ನ ಹಿಂದೆ ಗದ್ದಲ. ತಿರುಗಿ ನೋಡಿದರೆ ಇಡೀ ಇಯತ್ತೆ ತಮ್ಮ ಪಾಟಿಗಳಿಗೆ, ಅಂದರೆ ಸ್ಲೇಟುಗಳಿಗೆ, ನೀರು ಬಳಿದು ಗಾಳಿಯಲ್ಲಿ ಬೀಸುತ್ತ ಕೂತಿದೆ.

"ಯಾಕ ಬೀಸಾಕತ್ತೀರಿ?"

"ಲಗೂ ಒಣಗ್ತದ್ರಿ ಸರ್."

"ಬಿಸಿಲಾಗ ಇಟ್ಟರ?"

"ಇನ್ನಾ ಲಗೂ!"

"ಮಡಚಿದ ಚೀಲದಾಗ ಇಟ್ಟರ?"

"ಒಣಗಂಗಿಲ್ರಿ. ನಾರ್ತದ" ಎಂದಳು ಮುಂದಿನ ಸಾಲಿನ ಒಬ್ಬ ಹುಡುಗಿ, ಮೂಗು ಮುರಿದು.

ಬಾಷ್ಪೀಭವನವೆಲ್ಲ ಇಲ್ಲಿಯೇ ಕೂತಿತ್ತು, ಅದಕ್ಕೆ ಬೆನ್ನು ತಿರುಗಿಸಿ ನಾನು ಸುಣ್ಣದ ಕಡ್ಡಿ ಸವೆಸುತ್ತಿದ್ದೆ. ಆ ಶಬ್ದ ಒರೆಸಿದೆ. ಒಂದು ಪಾಟಿ ಬಿಸಿಲಿಗೆ, ಒಂದು ಬೇವಿನ ನೆರಳಿಗೆ, ಒಂದು ಕತ್ತಲೆ ಮೂಲೆಗೆ ಇಡಿಸಿದೆ. ಒಂದನ್ನು ಹುಡುಗರು ಪಾಳಿಯಂತೆ ಬೀಸಿದರು. ಯಾವುದು ಮೊದಲು, ಯಾವುದು ಕೊನೆಗೆ ಎಂದು ಮೊದಲೇ ಹೇಳಬೇಕು, ಆಮೇಲೆ ನೋಡಬೇಕು ಎಂದು ನಿಯಮ ಮಾಡಿದೆ. ಅಂಗಳದಲ್ಲಿ ಜಂಗೀ ಕುಸ್ತಿಯ ಕೂಗು ಎದ್ದಿತು. ವೈಜನಾಥಪ್ಪನವರು ಓಡಿ ಬಂದರು.

"ಏನ್ ನಡದದ್ರಿ ಮಾಸ್ತರ?"

"ಪಾಟಿ ಒಣಗಾಕತ್ತಾವ್ರಿ."

"ಪಾಟಿ ಒಣಗೋದು ಪಾಠದಾಗ ಅದ ಏನು?"

"ಪಾಠನೇ ಅದರಿ."

"ಸಾಹೇಬರು ಬಂದರ ಏನ್ ಹೇಳ್ಲಿ?"

"ಅವರಿಗೂ ಒಂದು ಪಾಟಿ ಕೊಡೋಣು" ಎಂದೆ. ಅವರು ನಗಲಿಲ್ಲ. ಅವರಿಗೆ ನಗು ಮೇಲಿನಿಂದ ಮಂಜೂರಾಗಿ ಬರಬೇಕಿತ್ತು.

ಅಲ್ಲಿಂದ ಶುರುವಾಯಿತು. ಹಳೆಯ ಧೋತರದ ಚಿಂದಿ ಬಿದಿರಿನ ತುದಿಗೆ ಕಟ್ಟಿ ಅಂಗಳದಲ್ಲಿ ನಿಲ್ಲಿಸಿದೆವು. ಚಿಂದಿಯ ಬಾಲ ಹಾರುವುದು ಒಂದು ಕಡೆಗೆ, ಗಾಳಿ ಬರುವುದು ಅದರ ಎದುರಿನ ಕಡೆಯಿಂದ. ಈ ಒಂದು ಮಾತು ಇತ್ಯರ್ಥವಾಗುವುದಕ್ಕೆ ಎಷ್ಟು ಜಗಳ, ಎಷ್ಟು ಮುನಿಸು! ಕೊನೆಗೆ ಮಕ್ಕಳೇ ಗಾಳಿಗೆ ಮುಖ ಕೊಟ್ಟು ನಿಂತು, ಕೂದಲು ಹಿಂದಕ್ಕೆ ಹಾರುವುದನ್ನು ಮುಟ್ಟಿ ನೋಡಿ ಒಪ್ಪಿಕೊಂಡರು. ಪುಸ್ತಕದ ಮುಂಗಾರು ಗಾಳಿ ನೈಋತ್ಯದಿಂದ ಬರುತ್ತಿತ್ತು. ನಮ್ಮ ಚಿಂದಿ ಬಹಳ ದಿನ ಪಡುವಣವನ್ನೇ ತೋರಿಸಿತು. ನಮ್ಮೂರ ಗಾಳಿ ಪುಸ್ತಕ ಓದಿರಲಿಲ್ಲ.

ಮಳೆ ಅಳೆಯುವುದಕ್ಕೆ ಒಂದು ವನಸ್ಪತಿ ತುಪ್ಪದ ಖಾಲಿ ಡಬ್ಬಿ. ಮೊದಲು ಸಾಲಿಯ ಬಕೇಟನ್ನೇ ಇಟ್ಟಿದ್ದೆವು. ಅದು ಕೆಳಗೆ ಸಣ್ಣದು, ಮೇಲೆ ಅಗಲ. ಪಕ್ಕದಲ್ಲಿ ಡಬ್ಬಿ ಇಟ್ಟು ನೋಡಿದರೆ ಎರಡರ ಲೆಕ್ಕ ಹೊಂದುತ್ತಿರಲಿಲ್ಲ. ಬಾಯಿ ಎಷ್ಟು ಅಗಲವೋ ತಳವೂ ಅಷ್ಟೇ ಇರಬೇಕು, ಗೋಡೆ ನೆಟ್ಟಗಿರಬೇಕು, ಆಗ ಮಾತ್ರ ಕಡ್ಡಿ ಇಳಿಬಿಟ್ಟರೆ ಬಿದ್ದ ಮಳೆ ಬಿದ್ದಷ್ಟೇ ಕಾಣುತ್ತದೆ ಎಂದು ಮಕ್ಕಳಿಗೆ ತೋರಿಸಿದೆ. ನೆಟ್ಟನ ಡಬ್ಬಿ ಎಂದು ಅದಕ್ಕೆ ಹೆಸರಾಯಿತು. ಒಮ್ಮೆ ವೈಜನಾಥಪ್ಪನವರು ಅಂಗಳ ಚೊಕ್ಕಾಗಿ ಕಾಣಲೆಂದು ಡಬ್ಬಿಯನ್ನು ಗೋಡೆಗೆ ಸರಿಸಿ, ಸರಿಯಾಗಿ ಮಾಳಿಗೆಯ ನೀರು ಸುರಿಯುವ ಕೊಳವೆಯ ಕೆಳಗೆ ಇಟ್ಟರು. ಮರುದಿನ ಡಬ್ಬಿ ತುಂಬಿ ಹರಿದಿತ್ತು. ಊರ ಹಳ್ಳದಲ್ಲಿ ಪಾದ ಮುಳುಗುವಷ್ಟು ನೀರಿಲ್ಲ, ಸಾಲಿಯಲ್ಲಿ ಮಾತ್ರ ಪ್ರಳಯ. ಇಡೀ ಇಯತ್ತೆ ಸುತ್ತ ನಿಂತು ವಿಚಾರಣೆ ನಡೆಸಿ, ತಲೆಯೆತ್ತಿ ಕೊಳವೆ ನೋಡಿ, ತೀರ್ಪು ಕೊಟ್ಟಿತು. ಇಂಥ ತಪ್ಪಿನಿಂದ ಮಕ್ಕಳು ಕಲಿಯುವಷ್ಟು ನಮ್ಮ ಭಾಷಣದಿಂದ ಕಲಿಯುವುದಿಲ್ಲ.

ಈಗ ಜಗದೇವಿಯ ವಿಷಯ. ಪಾಟಿ ನಾರುತ್ತದೆ ಎಂದು ಮೂಗು ಮುರಿದ ಹುಡುಗಿ ಅವಳೇ. ತಂದೆ ಇಲ್ಲ. ತಾಯಿ ಕಾಶಮ್ಮ ಕಂಡವರ ಹೊಲದಲ್ಲಿ ಕೂಲಿ ಮಾಡುವವಳು. ಹೆಸರು, ಉದ್ದು ಮೇಲೆದ್ದು ಕಸ ತೆಗೆಯುವ ದಿನ ಬಂದರೆ ಹುಡುಗಿಯೂ ತಾಯಿಯ ಹಿಂದೆ ಹೋಗಬೇಕು. ಕೂಲಿ ಇದ್ದ ದಿನ ಸಾಲಿ ಇಲ್ಲ. ಎಷ್ಟೋ ಮಕ್ಕಳು ಹೀಗೆ ಒಂದು ಮಳೆಗಾಲದಲ್ಲಿ ಹೋದವರು ತಿರುಗಿ ಬರುತ್ತಿರಲಿಲ್ಲ. ನಾನು ಅವಳಿಗೆ ನೆಟ್ಟನ ಡಬ್ಬಿ ವಹಿಸಿದೆ. ಬೆಳಗ್ಗೆ ಕಡ್ಡಿ ಇಳಿಬಿಟ್ಟು, ಒದ್ದೆಯಾದಷ್ಟನ್ನು ಬೆರಳಲ್ಲಿ ಹಿಡಿದು ಎಲ್ಲರಿಗೂ ತೋರಿಸಬೇಕು. ಗೋಡೆಯ ಮೇಲೆ ಆ ದಿನದ ಚಿತ್ರ ಹಚ್ಚಬೇಕು. ಹಳೆಯ ರಟ್ಟು ಕತ್ತರಿಸಿ ಮಕ್ಕಳೇ ಮಾಡಿದ ಸೂರ್ಯ, ಮೋಡ, ಮಳೆ ಇದ್ದವು. ಅವನ್ನು ಜಾಲಿ ಮುಳ್ಳಿನಿಂದ ಮಣ್ಣಿನ ಗೋಡೆಗೆ ಚುಚ್ಚುವುದು. ಆಗಿನ ಸಾಲಿಗಳಲ್ಲಿ ಗುಂಡುಪಿನ್ನು ಎಂದರೆ ಜಾಲಿ ಮುಳ್ಳು.

ಅಂದಿನಿಂದ ಹುಡುಗಿ ಒಂದು ದಿನವೂ ತಪ್ಪಲಿಲ್ಲ. ತಪ್ಪಿದ್ದು ತಾಯಿಯ ತಾಳ್ಮೆ. ಒಂದು ಬೆಳಗ್ಗೆ ಕಾಶಮ್ಮ ಕುರ್ಚಿಗಿ ಹಿಡಿದುಕೊಂಡೇ ಸಾಲಿಗೆ ಬಂದಳು. ಕುರ್ಚಿಗಿ ಎಂದರೆ ಕಸ ತೆಗೆಯುವ ಸಾಮಾನು, ಆದರೆ ಆ ಕ್ಷಣಕ್ಕೆ ನನಗೆ ಆಯುಧದಂತೆ ಕಂಡಿತು.

"ಏನ್ ಮದ್ದ ಹಾಕೀರಿ ಮಾಸ್ತರ ಈಕಿಗಿ? ಹೊಲಕ್ಕ ನಡಿ ಅಂದ್ರ ಡಬ್ಬಿ ನೋಡಬೇಕಂತಾಳ. ಡಬ್ಬ್ಯಾಗ ಏನ್ ಗಂಟ ಬೀಳ್ತದ?"

"ಮಳಿ ಬೀಳ್ತದವ್ವ."

"ಮಳಿ ನನ್ನ ತಲಿ ಮ್ಯಾಲೂ ಬೀಳ್ತದ. ಅದಕ್ಕ ಸಾಲಿಗಿ ಯಾಕ ಬರಬೇಕು?"

ಅಷ್ಟರಲ್ಲಿ ಜಗದೇವಿಯೇ ಬಂದು, ಕಡ್ಡಿ ಡಬ್ಬಿಯಲ್ಲಿ ಇಳಿಬಿಟ್ಟು ತೆಗೆದು, ಒದ್ದೆಯ ಗುರುತನ್ನು ತಾಯಿಯ ಮೂಗಿನ ಹತ್ತಿರ ಹಿಡಿದಳು. "ನೋಡವ್ವ, ನಿನ್ನಿಗಿಂತ ಇವತ್ತ ಜಾಸ್ತಿ ಬಂದದ. ಹೊಲ ಇವತ್ತ ಕೆಸರ ಇರ್ತದ, ಕಸ ತಗಿಯಾಕ ಬರಂಗಿಲ್ಲ."

ಕಾಶಮ್ಮ ಕಡ್ಡಿ ನೋಡಿದಳು, ಮಗಳನ್ನು ನೋಡಿದಳು, ನನ್ನನ್ನು ಮಾತ್ರ ನಂಬಿಕೆ ಇಲ್ಲದ ಕಣ್ಣಿನಿಂದ ನೋಡಿದಳು. "ಈ ಮಳಿಗಾಲ ನೋಡ್ತೀನಿ ಮಾಸ್ತರ. ನಿಮ್ಮ ಸಾಲ್ಯಾಗ ಖರೇ ಏನರೆ ಕಲ್ತಳು ಅಂದ್ರ ಇರ್ಲಿ. ಸುಳ್ಳಂದ್ರ ನನ್ನ ಹಿಂದ ಹೊಲಕ್ಕ ಬರ್ತಾಳ, ಮುಗೀತು." ಹೋದಳು. ಒಂದು ಮಳೆಗಾಲದ ಗಡುವು. ಜಿಲ್ಲೆಯ ಯಾವ ಅಧಿಕಾರಿಯೂ ನನಗೆ ಇಷ್ಟು ಸ್ಪಷ್ಟವಾದ ಆದೇಶ ಕೊಟ್ಟಿರಲಿಲ್ಲ.

ಆ ಆಷಾಢದಲ್ಲೇ ಹುಕುಂ ಬಂತು: ಪ್ರತಿ ಸಾಲಿಯಲ್ಲಿ ಹವಾಮಾನ ತಕ್ತೆ, ಅಂದರೆ ದಿನದಿನದ ಹವೆ ತೋರಿಸುವ ಪಟ, ಇರಬೇಕು, ಸಾಹೇಬರು ಬಂದಾಗ ನೋಡುತ್ತಾರೆ. ಹುಕುಮಿನಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಗೋಡೆಯ ಮೇಲೆ ಆಗಲೇ ಇತ್ತಲ್ಲ! ವೈಜನಾಥಪ್ಪನವರು ಅದನ್ನು ನೋಡಿ ಬೆವರಿದರು. ಹರಕು ರಟ್ಟು, ಮುಳ್ಳು, ಕೆಲವು ದಿನ ಮೋಡದ ಬದಲು ಮೋಡದಂಥದ್ದು. "ಇದನ್ನ ಸಾಹೇಬರಿಗೆ ಹ್ಯಾಂಗ ತೋರಿಸಲಿ? ಇಜ್ಜತ್ ಹೋಗ್ತದ." ಬಸವಕಲ್ಯಾಣಕ್ಕೆ ಹೋಗಿ, ಗಾಡಿಗಳ ಮೇಲೆ ಬರೆಯುವ ಪೇಂಟರನ ಕಡೆಯಿಂದ ದಪ್ಪ ಹಾಳೆಯ ಮೇಲೆ ದೊಡ್ಡ ತಕ್ತೆ ಬರೆಸಿಕೊಂಡು ಬಂದರು. ತಿಂಗಳ ಪ್ರತಿ ದಿನಕ್ಕೆ ಒಂದು ಮನೆ, ಪ್ರತಿ ಮನೆಯಲ್ಲಿ ಒಂದು ಚಿತ್ರ. ಪೇಂಟರನಿಗೆ ಸೂರ್ಯ ಚೆನ್ನಾಗಿ ಬರುತ್ತಿದ್ದ, ಮೋಡ ಬರೆದರೆ ಎಮ್ಮೆಯಾಗುತ್ತಿತ್ತು. ಆದ್ದರಿಂದ ಒಂದೆರಡು ಎಮ್ಮೆ ಬಿಟ್ಟು ತಿಂಗಳು ಪೂರ್ತಿ ಬಿಸಿಲು. ಸೂರ್ಯರಿಗೆ ಕಣ್ಣು, ಮೂಗು, ತಿರುವಿದ ಮೀಸೆ. ಆಗಿ ಹೋದ ದಿನಗಳಿಗೂ ಬಿಸಿಲು, ಇನ್ನೂ ಬಾರದ ದಿನಗಳಿಗೂ ಬಿಸಿಲು. ಆಷಾಢ ಮಾಸ!

"ಇದೇನ್ರಿ? ನಾಳಿನ ಹವಾ ಇವತ್ತೇ ಬರಸೀರಿ?"

"ಖಾಲಿ ಮನಿ ಕಂಡ್ರ ಕೆಲಸ ಅರ್ಧ ಆಗ್ಯದ ಅಂತಾರ್ರಿ. ತುಂಬಿರಬೇಕು."

"ಮಳಿ ಬಂದರ?"

"ಮಾಸ್ತರ, ನೀವು ಭಾಳ ಮಾತಾಡ್ತೀರಿ."

ತಕ್ತೆ ಹವಾಮಾನಕ್ಕಲ್ಲ, ಸಾಹೇಬರಿಗೆ. ಈ ರೋಗ ಆ ಸಾಲಿಯದಷ್ಟೇ ಎಂದು ತಿಳಿಯಬೇಡಿ. ಮಕ್ಕಳ ರಟ್ಟಿನ ಚಿತ್ರಗಳನ್ನು ಕಿತ್ತು ಮೂಲೆಗೆ ಹಾಕಿ, ಅವುಗಳ ಜಾಗದಲ್ಲಿ ಈ ಮಹಾತಕ್ತೆಯ ಪ್ರತಿಷ್ಠಾಪನೆಯಾಯಿತು. ಊದಿನಕಡ್ಡಿ ಹಚ್ಚಿದರು. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ, ಹಚ್ಚಿದರು.

ಸಾಹೇಬರು ಬಂದ ದಿನ ಬೆಳಗಿನಿಂದಲೇ ಜಡಿ ಮಳೆ. ಬಸ್ಸಿಳಿದು ಕೆಸರಿನಲ್ಲಿ ನಡೆದು ಬಂದ ಸಾಹೇಬರು ಮೊಣಕಾಲಿನ ತನಕ ತೊಯ್ದಿದ್ದರು. ಬೂಟು ಕಳಚಿ ತಲೆಕೆಳಗೆ ಮಾಡಿದರೆ ನೀರು ಬಂತು. ಪ್ಯಾಂಟು ಮಡಚಿ, ಟವೆಲ್ ಹೊದ್ದು, ಬಿಸಿ ಚಹಾ ಹಿಡಿದು, ಅದೇ ಸ್ಥಿತಿಯಲ್ಲಿ ತಕ್ತೆಯ ಮುಂದೆ ನಿಂತರು. ಒದ್ದೆ ಮೀಸೆಯ ಸಾಹೇಬರು ಒಣ ಮೀಸೆಯ ಸೂರ್ಯನನ್ನು ಬಹಳ ಹೊತ್ತು ನೋಡಿದರು.

"ಭಾಳ ನೀಟ್ ಅದರಿ ಹೆಡ್ ಮಾಸ್ತರ. ಬೇರೆ ಸಾಲಿಯವರಿಗೂ ಹೇಳ್ತೀನಿ." ಪೆನ್ನು ತೆಗೆದು ತಕ್ತೆಯ ಕೆಳಗೆ 'ಪರಿಶೀಲಿಸಿದೆ, ಸಮರ್ಪಕವಾಗಿದೆ' ಎಂದು ಬರೆದು ಸಹಿ ಹಾಕಿದರು. ಆ ದಿನದ ಮನೆಯಲ್ಲಿ ಸೂರ್ಯ ನಗುತ್ತಿದ್ದ. ಹೊರಗೆ ಕೊಳವೆಯಿಂದ ಮಾಳಿಗೆಯ ನೀರು ಧೋ ಎಂದು ಬೀಳುತ್ತಿತ್ತು.

ಅಷ್ಟರಲ್ಲಿ ಜಗದೇವಿ ಬಂದಳು. ತಲೆಯ ಮೇಲೆ ಗೋಣಿಚೀಲದ ಕೊಪ್ಪಿ. ಕೈಯಲ್ಲಿ ಒದ್ದೆ ಕಡ್ಡಿ. ಮೂಲೆಗೆ ಹೋಗಿ ಕಿತ್ತು ಹಾಕಿದ ರಟ್ಟುಗಳಲ್ಲಿ ತನ್ನ ಮಳೆಯನ್ನು ಹುಡುಕಿಕೊಂಡು, ನೆಟ್ಟಗೆ ತಕ್ತೆಯ ಹತ್ತಿರ ಹೋಗಿ, ಬೆರಳಿಟ್ಟು ಮನೆಗಳನ್ನು ಎಣಿಸಿ, ಆ ದಿನದ ಸೂರ್ಯನ ಮೇಲೆ ಮಳೆಯನ್ನಿಟ್ಟು ಜಾಲಿ ಮುಳ್ಳು ಚುಚ್ಚಿದಳು. ಕೆಲಸ ಆಯಿತೆಂದು ತಿರುಗಿ ನಮ್ಮೆಲ್ಲರನ್ನೂ ನೋಡಿದಳು.

"ಏ! ಏನ್ ಮಾಡಿದಿ?" ವೈಜನಾಥಪ್ಪನವರ ದನಿ ಸೀಳಿಹೋಗಿತ್ತು. "ಸಾಹೇಬರ ಸಹಿ ಆದ ತಕ್ತೆಗಿ ತೂತ ಹಾಕಿದ್ಯಾ?"

"ಮಳಿ ಬರಾಕತ್ತದ್ರಿ ಸರ್" ಎಂದಳು. ಅವರಿಗೆ ಗೊತ್ತಿಲ್ಲವೇನೋ ಎಂದು ತಿಳಿದು, ಮರ್ಯಾದೆಯಿಂದಲೇ.

ನಾನು ನಡುವೆ ಹೋದೆ. "ಸಾಹೇಬ್ರ, ಆಕಿ ಹೇಳೋದು ಖರೇ ಅದ. ಹೊರಗ ಮಳಿ ಅದರಿ."

"ನಾ ಏನ್ ಕುರುಡಾ?" ಎಂದರು ಸಾಹೇಬರು. ಸಿಟ್ಟಿಲ್ಲ, ತಾಳ್ಮೆಯಿಂದ, ದಡ್ಡನಿಗೆ ತಿಳಿಹೇಳುವಂತೆ. "ಮಳಿ ಅದ, ನನಗೂ ಕಾಣ್ತದ. ಆದ್ರ ಇದು ಮುಲಾಹಿಜಾ ಆದ, ತಪಾಸಣಿ ಮುಗಿದ ತಕ್ತೆ. ಸಹಿ ಆದ ಮ್ಯಾಲ ತಿದ್ದಿದ್ರ ಸಹಿಗಿ ಏನ್ ಕಿಮ್ಮತ್ತು? ತೆಗಿ ಅದನ್ನ."

ಜಗದೇವಿ ನನ್ನ ಮುಖ ನೋಡಿದಳು. "ತೆಗೀಬ್ಯಾಡ" ಎಂದೆ. ವೈಜನಾಥಪ್ಪನವರೇ ಮುಳ್ಳು ಕಿತ್ತರು, ಮಳೆಯನ್ನು ಎಸೆದರು, ಹುಡುಗಿಯ ಕಿವಿ ಹಿಡಿದು ಪಡಸಾಲೆಗೆ ಎಳೆದುಕೊಂಡು ಹೋಗಿ, ಸಾಹೇಬರು ಊಟ ಮುಗಿಸಿ ಹೋಗುವ ತನಕ ಕಿವಿ ಹಿಡಿದು ನಿಲ್ಲಿಸಿದರು. ನಾನು ಎರಡು ಸಲ ಒಳಗೆ ಕರೆತಂದೆ, ಎರಡು ಸಲ ಅವರು ಹೊರಗೆ ನಿಲ್ಲಿಸಿದರು. ನೆಟ್ಟನ ಡಬ್ಬಿಯನ್ನು ಅಲಮಾರಿಯಲ್ಲಿಟ್ಟು ಬೀಗ ಹಾಕಿದರು. ಆ ಸರ್ವಾಪರಾಧಿ ಡಬ್ಬಿಗೆ ಜಾಮೀನೂ ಸಿಗಲಿಲ್ಲ.

ಮರುದಿನ ಜಗದೇವಿ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮಳೆ ಹೊಳವಾದ ಮೇಲೆ ನಾನೇ ಹೊಲಕ್ಕೆ ಹೋದೆ. ತಾಯಿ, ಮಗಳು ಉದ್ದಿನ ಸಾಲಿನಲ್ಲಿ ಕೂತು ಕಸ ತೆಗೆಯುತ್ತಿದ್ದರು. ಹುಡುಗಿ ತಲೆ ಎತ್ತಲಿಲ್ಲ.

"ಕಾಶಮ್ಮ, ಹುಡುಗಿನ್ನ ಯಾಕ ಬಿಡಿಸಿದಿ?"

"ನೀವೇ ಹೇಳ್ರಿ ಮಾಸ್ತರ. ನಿಮ್ಮ ಸಾಲ್ಯಾಗ ಮಳಿ ಬಂದ್ರ ಬಿಸಿಲ ಅನಬೇಕಂತ. ಮಳಿ ಅಂದ್ರ ಕಿವಿ ಹಿಂಡ್ತಾರಂತ. ಖರೇನಾ?"

"ಖರೇ ಅದ."

"ಹೊಲದಾಗ ಹಂಗಿಲ್ಲ ನೋಡ್ರಿ. ಇಲ್ಲಿ ಗೌಡ ಎಷ್ಟ ಕೆಟ್ಟಾಂವ ಇದ್ರೂ, ಮಳಿ ಬಂದ್ರ ಮಳಿ ಅಂತಾನ. ನನ್ನ ಮಗಳು ಸುಳ್ಳ ಕಲಿಯಾಕ ಸಾಲಿಗಿ ಯಾಕ ಬರಬೇಕು? ಅದನ್ನ ಮನ್ಯಾಗ ಕಲೀತಾಳ."

ಎಷ್ಟು ವರ್ಷಗಳಾದವು! ಈಗಲೂ ಈ ಮಾತು ಬರೆಯುವಾಗ ಪೆನ್ನು ಹಾಳೆ ಹರಿಯುತ್ತದೆ. ನನಗೆ ಅವಳ ಮೇಲೆ ಸಿಟ್ಟಿಲ್ಲ. ಒಂದು ಮಗು ತನ್ನ ಕಣ್ಣಿನಿಂದ ನೋಡಿ, ತನ್ನ ಕೈಯಿಂದ ಅಳೆದು, ಇದ್ದದ್ದನ್ನು ಇದ್ದ ಹಾಗೆ ಹೇಳಿತು. ಇದಕ್ಕಾಗಿಯೇ ತಾನೆ ನಮಗೆ ಸಂಬಳ? ಆ ಮಗುವಿನ ಕಿವಿ ಹಿಂಡಿ, ಪೇಂಟರನ ಮೀಸೆಯ ಸೂರ್ಯನನ್ನು ಕಾಪಾಡಿದೆವು. ಕಾಪಾಡಿದವರು ಇಬ್ಬರು ಓದಿದವರು, ಒಬ್ಬರ ಬೂಟಿನಲ್ಲಿ ನೀರಿತ್ತು.

"ತಕ್ತೆ ತಗಸ್ತೀನಿ. ಕಳಸ್ತಿಯಾ?" ಎಂದೆ.

"ಮೊದಲ ತಗಸ್ರಿ. ಆಮ್ಯಾಲ ನೋಡೂಣು."

ತೆಗೆಸುವುದಾಗಲಿಲ್ಲ. ಸಹಿ ಆದ ತಕ್ತೆ ತೆಗೆಯಬೇಕಾದರೆ ಸಹಿ ಮಾಡಿದವರೇ ಬರೆದುಕೊಡಬೇಕಂತೆ. ವೈಜನಾಥಪ್ಪನವರು ಅದಕ್ಕೆ ಗಾಜು ಹಾಕಿಸಿ, ಚೌಕಟ್ಟು ಕಟ್ಟಿಸಿ, ತಮ್ಮ ಕುರ್ಚಿಯ ಹಿಂದೆ ತೂಗುಹಾಕಿಬಿಟ್ಟರು. ಮುಳ್ಳಿನ ತೂತು ಹಾಗೇ ಇತ್ತು.

ಆಗ ನಾನು ಇದ್ದಿಲು ಅರೆದು, ಪಡಸಾಲೆಯ ಹೊರಗೋಡೆಯ ಮೇಲೆ, ದಾರಿಯಲ್ಲಿ ಹೋಗುವವರಿಗೂ ಕಾಣುವ ಹಾಗೆ, ಒಂದು ಕರಿ ಚೌಕ ಬಳಿದೆ. ಒಂದೇ ಮನೆ. ನಿನ್ನೆಯದಿಲ್ಲ, ನಾಳೆಯದಿಲ್ಲ. ಬೆಳಗ್ಗೆ ಮಕ್ಕಳು ಹೊರಗೆ ಹೋಗಿ ನೋಡಿ ಬಂದು ಬರೆಯಬೇಕು, ಸಂಜೆ ಅಳಿಸಬೇಕು. ಮುಂಚೆ ತುಂಬಿಸಿಡುವುದಕ್ಕೆ ಅದರಲ್ಲಿ ಜಾಗವೇ ಇಲ್ಲ.

"ಅಳಿಸಿದ್ರ ರಿಕಾರ್ಡ್ ಎಲ್ಲಿ ಉಳೀತದ್ರಿ?" ಎಂದರು ವೈಜನಾಥಪ್ಪನವರು. "ಸಾಹೇಬರು ಸಹಿ ಎಲ್ಲಿ ಹಾಕಬೇಕು?"

"ಆಕಾಶದ ಮ್ಯಾಲ ಹಾಕ್ಲಿ."

ಅಂದು ನನ್ನ ವಿರುದ್ಧ ಮೇಲಕ್ಕೆ ವರದಿ ಹೋಯಿತು.

ಒಂದು ಮುಂಜಾನೆ ಹನಿ ಬೀಳುತ್ತಿದ್ದಾಗ ಕಾಶಮ್ಮ ಮಗಳ ಕೈ ಹಿಡಿದು ದಾರಿಯ ಮೇಲೆ ನಿಂತಿದ್ದಳು. ಒಳಗೆ ಬರಲಿಲ್ಲ. ಗೋಡೆ ನೋಡುತ್ತಿದ್ದಳು.

"ಖಾಲಿ ಅದಲ್ರಿ ಮಾಸ್ತರ?"

"ಇವತ್ತಿನ್ನಾ ಯಾರೂ ನೋಡಿಲ್ಲವ್ವ."

ಅವಳು ಮಗಳ ಬೆನ್ನು ತಟ್ಟಿದಳು. "ಹೋಗು. ನಾ ಇಲ್ಲೇ ನಿಂತೀನಿ. ಯಾರ್ ಕಿವಿ ಹಿಂಡ್ತಾರ ನೋಡ್ತೀನಿ." ಕುರ್ಚಿಗಿ ಅವಳ ಕೈಯಲ್ಲೇ ಇತ್ತು. ವೈಜನಾಥಪ್ಪನವರು ಕಿಟಕಿಯಲ್ಲಿ ಕಂಡು, ಮಾಯವಾದರು.

ಜಗದೇವಿ ಅಂಗಳದ ನಡುವೆ ನಿಂತು ಅಂಗೈ ಚಾಚಿದಳು. ಆಮೇಲೆ ಬಂದು ಚೌಕದಲ್ಲಿ ಮಳೆಯ ಗೆರೆ ಎಳೆದಳು. ಎಳೆಯುತ್ತಿರುವಾಗಲೇ ಹನಿ ನಿಂತು, ಬೇವಿನ ಹಿಂದಿನಿಂದ ಎಳೆಬಿಸಿಲು ಬಂತು. ಹುಡುಗಿ ಗೊಂದಲಕ್ಕೆ ಬಿದ್ದಳು. "ಸರ್, ಮಳಿ ನಿಂತದ. ಈಗ ಬಿಸಿಲ ಅದ. ಏನ್ ಬರೀಲಿ?"

"ನೀ ಏನ್ ನೋಡ್ದಿ?"

"ಎರಡೂ."

"ಎರಡೂ ಬರಿ."

ಮಳೆಯ ಪಕ್ಕದಲ್ಲಿ ಸಣ್ಣ ಸೂರ್ಯ ಬಂದ. ಮೀಸೆ ಇರಲಿಲ್ಲ. ಕಾಶಮ್ಮ ಒಮ್ಮೆ ಆಕಾಶ, ಒಮ್ಮೆ ಗೋಡೆ ನೋಡಿದಳು. "ಹಾಂ. ಇದು ಖರೇ" ಎಂದು, ತನ್ನ ತಲೆಯ ಕೊಪ್ಪಿ ತೆಗೆದು ಮಗಳ ತಲೆಗೆ ಹಾಕಿ ಹೊಲಕ್ಕೆ ಹೋದಳು. ಹುಡುಗಿ ಉಳಿದಳು.

ನಾನು ಉಳಿಯಲಿಲ್ಲ. ಆಡಳಿತದ ಕಾರಣ ಎಂದು ಬರೆದು ನನ್ನನ್ನು ಎತ್ತಿ ಹಾಕಿದರು. ಮಂಠಾಳ, ಕೊಹಿನೂರಿನ ಕಡೆ, ಕೊನೆಗೆ ಬಹಳ ವರ್ಷ ಹುಮನಾಬಾದ. ಹೋದಲ್ಲೆಲ್ಲ ಇದ್ದಿಲು ಅರೆದು ಒಂದು ಕರಿ ಚೌಕ ಬಳಿದೆ, ಹೋದಲ್ಲೆಲ್ಲ ಒಬ್ಬ ವೈಜನಾಥಪ್ಪ ಇದ್ದ. ಪದ್ಧತಿ ಬದಲಾಯಿತು ಎನ್ನುತ್ತಾರೆ. ಬದಲಾಯಿತು, ಹೌದು. ಹಿಂದೆ ಸಾಮಾನು ಇರಲಿಲ್ಲ, ಆಮೇಲೆ ವಿಜ್ಞಾನದ ಪೆಟ್ಟಿಗೆ ಬಂತು. ಅದರಲ್ಲಿ ಥರ್ಮಾಮೀಟರು, ಗಾಳಿ ತೋರಿಸುವ ಬಾಣ, ಗೆರೆ ಹಾಕಿದ ಗಾಜಿನ ಮಳೆಮಾಪಕ. ಒಡೆದರೆ ಮಾಸ್ತರರೇ ಹೊಣೆ, ಆದ್ದರಿಂದ ಪೆಟ್ಟಿಗೆಗೆ ಬೀಗ. ಒಂದು ಸಾಲಿಯಲ್ಲಿ ಮಳೆಮಾಪಕವನ್ನು ಅಂಗಳಕ್ಕೆ ಒಯ್ಯುತ್ತೇನೆಂದರೆ ಅಲ್ಲಿಯ ಹೆಡ್ ಮಾಸ್ತರರು ಗಾಬರಿಯಾಗಿ ಹೇಳಿದ್ದು ಇದು: "ಮಳ್ಯಾಗ ಇಟ್ಟರ ತೋಯ್ತದಲ್ರಿ!" ನಾನು ಅವರಿಗೆ ಕೈಮುಗಿದೆ. ಇನ್ನೇನು ಮಾಡಲು ಸಾಧ್ಯವಿತ್ತು? ಮಾರನೆಯ ದಿನ ಒಂದು ತುಪ್ಪದ ಡಬ್ಬಿ ಹುಡುಕಿ ತಂದೆ.

ನಿವೃತ್ತನಾದ ಮೇಲೆ, ಎಂಬತ್ತರ ದಶಕದ ಒಂದು ಮಳೆಗಾಲದಲ್ಲಿ, ಆ ಹಳೆಯ ಹಳ್ಳಿಗೆ ಹೋಗುವ ಕಾರಣ ಬಂತು. ಸಾಲಿ ಅದೇ ಮಾಳಿಗೆ. ನನ್ನ ಕರಿ ಚೌಕದ ಮೇಲೆ ಸುಣ್ಣ ಬಳಿದಿದ್ದರು. ಹೆಡ್ ಮಾಸ್ತರರು ಹೊಸಬರು, ವಿನಯದ ಹುಡುಗ. ಕುರ್ಚಿ ಕೊಟ್ಟು ಕೂಡಿಸಿ, ತಮ್ಮ ಹಿಂದಿನ ಗೋಡೆ ತೋರಿಸಿದರು. "ಇದು ನಮ್ಮ ಸಾಲಿ ಭೂಷಣ ಅದರಿ ಸರ್. ಹಳೇ ಕಾಲದ್ದು, ಸಾಹೇಬರ ಸಹಿ ಅದ."

ಗಾಜಿನ ಹಿಂದೆ ಮೀಸೆಯ ಸೂರ್ಯರು ನಗುತ್ತಿದ್ದರು. ಒಬ್ಬನ ಹಣೆಯಲ್ಲಿ ಮುಳ್ಳಿನ ತೂತು. ಹೊರಗೆ ಮಳೆ ಹಿಡಿದಿತ್ತು, ಮಾಳಿಗೆ ಸೋರುತ್ತಿತ್ತು. ನೀರು ಚೌಕಟ್ಟಿನ ಅಂಚಿನಿಂದ ಒಳಗೆ ಇಳಿದು ಬಣ್ಣವನ್ನು ಎಳೆಯುತ್ತಿತ್ತು. ಸಾಹೇಬರ ಬಿಸಿಲು ತೊಯ್ದು, ಸಹಿಯ ಮೇಲೆ ಹಳದಿಯಾಗಿ ಹರಿಯುತ್ತಿತ್ತು.

ಅಷ್ಟರಲ್ಲಿ ಒಬ್ಬ ಹೆಣ್ಣುಮಗಳು ಕೂಸಿನ ಹೆಸರು ಸಾಲಿಗೆ ಹಚ್ಚಿಸಲು ಒಳಗೆ ಬಂದಳು. ತಲೆಯ ಮೇಲೆ ಗೋಣಿಚೀಲದ ಕೊಪ್ಪಿ. ನನ್ನನ್ನು ದಿಟ್ಟಿಸಿ ನೋಡಿ, ಕೂಸಿನ ಕೈ ಬಿಟ್ಟು ಕಾಲು ಮುಟ್ಟಿದಳು. ಜಗದೇವಿ. ಏಳನೇ ಇಯತ್ತೆಯ ತನಕ ಓದಿದಳೆಂದು, ಊರಲ್ಲೇ ಸೋದರಮಾವನಿಗೆ ಕೊಟ್ಟರೆಂದು ನಾನು ಕೇಳಿದ್ದೆ. ಅವಳು ತಲೆಯೆತ್ತಿ ಗೋಡೆ ನೋಡಿದಳು.

"ಅಲ್ಲಿ ಇನ್ನಾ ಬಿಸಿಲೇ ಅದ ಏನ್ರಿ ಸರ್?"

"ಸಹಿ ಆಗ್ಯದವ್ವ" ಎಂದೆ.

ನೀರು ಈಗ ತಕ್ತೆಯಿಂದ ಹೆಡ್ ಮಾಸ್ತರರ ಮೇಜಿನ ಮೇಲೆ ಬೀಳತೊಡಗಿತ್ತು. ಅವರು ಗಡಬಡಿಸಿ ಎದ್ದು, "ಏ, ಯಾರರೆ ಬಕೇಟ ತರ್ರೋ!" ಎಂದು ಕೂಗಿದರು.

"ಬಕೇಟ ಬ್ಯಾಡ್ರಿ" ಎಂದಳು ಜಗದೇವಿ, ಕೂಸನ್ನು ಮೇಜಿನ ಹತ್ತಿರ ಸರಿಸುತ್ತ. "ನೆಟ್ಟನ ಡಬ್ಬಿ ತರಸ್ರಿ. ಹುಡುಗರು ಅಳತಿ ನೋಡ್ಲಿ."